ಪ್ರಸಂಗಪೀಠದ ಕನ್ನಡವೂ ಮನೆಯ ಕನ್ನಡವೂ

ನಮ್ಮ ಪ್ರಾರ್ಥನಾಕೂಟಗಳಲ್ಲಿ ಪದೇ ಪದೇ ಕಾಣಬರುವ ಸಂಗತಿಯೊಂದಿದೆ. ಬಾಯಿಬಿಟ್ಟು ಪ್ರಾರ್ಥಿಸುವಂತೆ ಸಭಾಪಾಲಕರು ಕೇಳಿಕೊಂಡಾಗ ಕೆಲವರು, ಅದರಲ್ಲೂ ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ತಾಯಂದಿರು, "ಅಯ್ಯನವರೇ, ನಮಗ ಪ್ರಾರ್ಥನಾ ಮಾಡಾಕ ಬರಂಗಿಲ್ರಿ" ಎಂದು ಹಿಂಜರಿಯುತ್ತಾರೆ. ಮಗುವಿನ ಜ್ವರ, ಬಾರದ ಮಳೆ, ತೀರದ ಸಾಲ ಇವೆಲ್ಲವನ್ನೂ ದಿನವಿಡೀ ದೇವರಿಗೆ ಹೇಳಿಕೊಳ್ಳುತ್ತಿರುವವರೇ ಅವರು. ಅವರಿಗೆ ಬಾರದೆಂದು ತೋರುವುದು ದೇವರ ಮುಂದೆ ಆಡತಕ್ಕದ್ದೆಂದು ನಾವು ಕಲಿಸಿಕೊಟ್ಟಿರುವ ಒಂದು ಬಗೆಯ ಕನ್ನಡ. ಇದು ಕೇವಲ ಸಂಕೋಚದ ಪ್ರಶ್ನೆಯಾಗಿದ್ದರೆ ಈ ಪತ್ರಿಕೆಯಲ್ಲಿ ಚರ್ಚಿಸಬೇಕಾಗಿರಲಿಲ್ಲ. ಆದರೆ ಯಾವ ನುಡಿ ದೇವರಿಗೆ ಯೋಗ್ಯ, ಯಾವುದು ಅಯೋಗ್ಯ ಎಂಬ ತೀರ್ಪು ಅದರ ಹಿಂದೆ ಅಡಗಿದೆ. ಆ ತೀರ್ಪು ಎಲ್ಲಿಂದ ಬಂತು, ಅದಕ್ಕೆ ಶಾಸ್ತ್ರಾಧಾರವುಂಟೇ ಎಂಬುದನ್ನು ಪರಿಶೀಲಿಸುವುದು ದೈವಶಾಸ್ತ್ರದ ಕೆಲಸವೇ ಆಗಿದೆ.

ಉಪಭಾಷೆ ಎಂಬುದು ಕೆಟ್ಟ ಕನ್ನಡವೇ?

ಶಿಷ್ಟಭಾಷೆಯೇ ಮೂಲ, ಪ್ರಾದೇಶಿಕ ನುಡಿಗಳು ಅದರಿಂದ ಕೆಟ್ಟು ಹೋದ ರೂಪಗಳು ಎಂಬ ಭಾವನೆ ಬಹಳ ಹರಡಿದೆ. ಭಾಷೆಯ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಪ್ರತಿಯೊಂದು ಭಾಷೆಯೂ ಹಲವು ಪ್ರಾದೇಶಿಕ ಮತ್ತು ಸಾಮಾಜಿಕ ರೂಪಗಳ ಸಮೂಹವಾಗಿರುತ್ತದೆ. ಅವುಗಳಲ್ಲಿ ಒಂದು ರೂಪ ಅರಮನೆ, ಕಛೇರಿ, ಶಾಲೆ, ಮುದ್ರಣಾಲಯಗಳ ಆಸರೆ ಪಡೆದು ಎಲ್ಲರಿಗೂ ಪ್ರಮಾಣವೆನಿಸಿಕೊಳ್ಳುತ್ತದೆ. ಶಿಷ್ಟಭಾಷೆಯ ಗೌರವಕ್ಕೆ ಈ ಆಸರೆಯೇ ಕಾರಣ. ಅದರ ಧ್ವನಿಗಳಲ್ಲಾಗಲಿ ವ್ಯಾಕರಣದಲ್ಲಾಗಲಿ ಇತರ ರೂಪಗಳಿಗಿಲ್ಲದ ಪಾವಿತ್ರ್ಯವೇನೂ ಇಲ್ಲ.

ಒಂದು ಉದಾಹರಣೆ ಸಾಕು. ಹಳೆಯ ಮೈಸೂರು ಸೀಮೆಯ ಹಳ್ಳಿಗನು 'ಹಾಲು' ಎನ್ನದೆ 'ಆಲು' ಎಂದರೆ ಓದಿದವರು ನಗುತ್ತಾರೆ. ಆದರೆ ಹಳಗನ್ನಡದಲ್ಲಿ ಆ ಶಬ್ದ 'ಪಾಲ್' ಎಂದಿತ್ತು; 'ಹೋಗು' ಎಂಬುದು 'ಪೋಗು' ಎಂದಿತ್ತು. ಪಕಾರವು ಕಾಲಕ್ರಮದಲ್ಲಿ ಹಕಾರವಾಯಿತು, ಕೆಲವು ಕಡೆಗಳಲ್ಲಿ ಹಕಾರವೂ ಸವೆಯಿತು. ಬದಲಾವಣೆಯ ಮೊದಲ ಹೆಜ್ಜೆಯನ್ನು ಶಿಷ್ಟವೆಂದು, ಎರಡನೆಯ ಹೆಜ್ಜೆಯನ್ನು ಅಶಿಷ್ಟವೆಂದು ಕರೆಯಲು ಭಾಷೆಯೊಳಗೆ ಆಧಾರವಿಲ್ಲ. ಧಾರವಾಡದ ಕಡೆಯ 'ಹೋಗಾಕತ್ತೀನಿ' ಎಂಬ ರೂಪವೂ ಅಡ್ಡಾದಿಡ್ಡಿಯಾಗಿ ಹುಟ್ಟಿದ್ದಲ್ಲ. 'ಹತ್ತು' ಎಂಬ ಕ್ರಿಯಾಪದವನ್ನು ಸಹಾಯಕವಾಗಿ ಸೇರಿಸಿ, ನಡೆಯುತ್ತಿರುವ ಕ್ರಿಯೆಯನ್ನು ಸೂಚಿಸುವ ನಿಯಮಬದ್ಧ ರಚನೆ ಅದು.

ಕೆಲವು ಉಪಭಾಷೆಗಳು ಶಿಷ್ಟಭಾಷೆ ಕಳೆದುಕೊಂಡದ್ದನ್ನು ಉಳಿಸಿಕೊಂಡಿವೆ. ಹವ್ಯಕ ಕನ್ನಡದಲ್ಲಿ 'ನಾವು' ಎಂದರೆ ಕೇಳುವವನನ್ನೂ ಒಳಗೊಂಡ ನಾವು, 'ಎಂಗೊ' ಎಂದರೆ ಅವನನ್ನು ಬಿಟ್ಟ ನಾವು. ತುಳು ಭಾಷೆಯಲ್ಲಿಯೂ ಈ ಭೇದವಿದೆ, ಶಿಷ್ಟಕನ್ನಡದಲ್ಲಿ ಇಲ್ಲ. ಆರಾಧನೆಯನ್ನು ನಡೆಸುವವರಿಗೆ ಇದು ಸಣ್ಣ ವಿಷಯವಲ್ಲ. ಸಭೆಯನ್ನು ಕುರಿತು 'ನಾವು ಪ್ರಾರ್ಥಿಸೋಣ' ಎನ್ನುವಾಗಿನ 'ನಾವು' ಬೇರೆ, ದೇವರನ್ನು ಕುರಿತು 'ನಾವು ಪಾಪಮಾಡಿದ್ದೇವೆ' ಎನ್ನುವಾಗಿನ 'ನಾವು' ಬೇರೆ. ಅಡಿಗೆಮನೆಯ ಮಾತೆಂದು ನಾವು ಕಡೆಗಣಿಸುವ ನುಡಿಯೊಂದು ಈ ಭೇದವನ್ನು ಒಂದೇ ಶಬ್ದದಲ್ಲಿ ತೋರಿಸಬಲ್ಲದು.

ಶಿಷ್ಟಕನ್ನಡದ ಕೇಂದ್ರವೂ ಒಂದೇ ಕಡೆ ನಿಂತದ್ದಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡದ ತಿರುಳನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಗುರುತಿಸಿತು. ಕಿಸುವೊಳಲು ಎಂದರೆ ಇಂದಿನ ಪಟ್ಟದಕಲ್ಲು. ಕೊಪಣ ಎಂದರೆ ಕೊಪ್ಪಳ. ಪುಲಿಗೆರೆ ಎಂದರೆ ಲಕ್ಷ್ಮೇಶ್ವರ. ಅಂದು ಎಲ್ಲರಿಗೂ ಮಾದರಿಯಾಗಿದ್ದ ಸೀಮೆಯ ನುಡಿಯನ್ನೇ ಇಂದು ಚಲನಚಿತ್ರಗಳಲ್ಲಿ ನಗೆಗಾಗಿ ಬಳಸಿಕೊಳ್ಳುವುದುಂಟು. ಹಳೆಯ ಮೈಸೂರಿನ ವಿದ್ಯಾವಂತರ ಮಾತಿಗೆ ಹತ್ತಿರವಾದ ರೂಪವು ಇಂದು ಪಠ್ಯಪುಸ್ತಕಕ್ಕೂ ವಾರ್ತೆಗೂ ಪ್ರಮಾಣವಾಗಿದೆ. ನುಡಿ ಕೆಟ್ಟದ್ದರಿಂದ ಈ ಪಲ್ಲಟ ಆದದ್ದಲ್ಲ. ಅಧಿಕಾರದ ಕೇಂದ್ರ ಬೇರೆ ಕಡೆಗೆ ಸರಿಯಿತು.

ಒಂದು ಅಕ್ಷರದ ತೂಕ

ಸತ್ಯವೇದವು ಈ ವಿಷಯದಲ್ಲಿ ಮೌನವಾಗಿಲ್ಲ. ನ್ಯಾಯಸ್ಥಾಪಕರು 12ನೆಯ ಅಧ್ಯಾಯದಲ್ಲಿ ಗಿಲ್ಯಾದ್ಯರು ಯೊರ್ದನಿನ ಹಾಯಗಡಗಳನ್ನು ಹಿಡಿದು, ದಾಟಲು ಬಂದವರ ಬಾಯಿಂದ 'ಷಿಬ್ಬೋಲೆತ್' ಎಂಬ ಶಬ್ದವನ್ನು ಹೇಳಿಸಿದರು. 'ಸಿಬ್ಬೋಲೆತ್' ಎಂದವನು ಎಫ್ರಾಯೀಮ್ಯನೆಂದು ತಿಳಿದು ಕೊಂದರು. ಹೀಗೆ ಸತ್ತವರು 42,000 ಮಂದಿ ಎಂದು ಗ್ರಂಥ ಹೇಳುತ್ತದೆ. ಇಬ್ಬರೂ ಇಸ್ರಾಯೇಲ್ಯರು, ಇಬ್ಬರ ದೇವರೂ ಒಬ್ಬನೇ. ಅವರ ನಡುವೆ ಸಾವುಬದುಕುಗಳನ್ನು ನಿರ್ಣಯಿಸಿದ್ದು ಒಂದು ಊಷ್ಮಾಕ್ಷರ.

ಅದೇ ಶಕಾರ ಸಕಾರಗಳ ಭೇದ ನಮ್ಮ ಸಭೆಗಳಲ್ಲಿಯೂ ಜನರನ್ನು ಅಳೆಯುತ್ತದೆ. 'ಸಾಂತಿ' ಎಂದವನನ್ನೂ 'ಸಿಲುಬೆ' ಎಂದವಳನ್ನೂ ನಾವು ತಿದ್ದುತ್ತೇವೆ, ಇಲ್ಲವೆ ಮುಗುಳ್ನಗುತ್ತೇವೆ. ಆದರೆ 'ಶಿಲುಬೆ' ಎಂಬ ಶಬ್ದದ ಮೂಲ ಸಿರಿಯಾಕ್ ಭಾಷೆಯ 'ಸ್ಲೀಬಾ'. ದಕ್ಷಿಣ ಭಾರತದ ಪುರಾತನ ಕ್ರೈಸ್ತರ ಆರಾಧನಾಭಾಷೆಯಿಂದ ಅದು ನಮ್ಮ ಭಾಷೆಗಳಿಗೆ ಬಂದಿತು. ಆ ಮೂಲದ ಮೊದಲಕ್ಷರ ಸಕಾರವೇ. ಓದುಬಾರದ ಮುದುಕಿಯ 'ಸಿಲುಬೆ' ನಮ್ಮ ಮುದ್ರಿತ 'ಶಿಲುಬೆ'ಗಿಂತ ಮೂಲಕ್ಕೆ ಹತ್ತಿರವಾಗಿದೆ!

ಗಲಿಲಾಯದ ಉಚ್ಚಾರಣೆ

ಯೇಸುವಿನ ಕಾಲದಲ್ಲಿಯೂ ಯೂದಾಯದವರು ಗಲಿಲಾಯದವರ ಮಾತನ್ನು ಹಾಗೆಯೇ ಕಾಣುತ್ತಿದ್ದರೆಂದು ತಿಳಿಯಲು ಕಾರಣವಿದೆ. ಮಹಾಯಾಜಕನ ಅಂಗಳದಲ್ಲಿ ಪೇತ್ರನು ಸಿಕ್ಕಿಬಿದ್ದದ್ದು ಅವನ ಮಾತಿನ ರೀತಿಯಿಂದ (ಮತ್ತಾಯ 26:73). ಗಲಿಲಾಯದವರ ನುಡಿ ಹೇಗಿತ್ತೆಂಬುದಕ್ಕೆ ಯೆಹೂದ್ಯರ ತಲ್ಮೂದಿನ ಎರುವೀನ್ ಭಾಗದಲ್ಲಿ ಒಂದು ವಿನೋದದ ಪ್ರಸಂಗವಿದೆ. ಗಲಿಲಾಯದವನೊಬ್ಬ ಪೇಟೆಯಲ್ಲಿ 'ಅಮರ್' ಯಾರ ಬಳಿ ಇದೆ ಎಂದು ಕೇಳುತ್ತಾನೆ. ಏರಿ ಹೋಗುವ ಕತ್ತೆಯೋ, ಕುಡಿಯುವ ದ್ರಾಕ್ಷಾರಸವೋ, ಉಡುವ ಉಣ್ಣೆಯೋ, ಕೊಯ್ಯುವ ಕುರಿಮರಿಯೋ ಎಂದು ಕೇಳಿದವರು ಹಾಸ್ಯಮಾಡುತ್ತಾರೆ. ಗಂಟಲಿನಿಂದ ಹೊರಡುವ ಧ್ವನಿಗಳ ಭೇದವು ಅವನ ಬಾಯಲ್ಲಿ ಉಳಿದಿರಲಿಲ್ಲವಾದ್ದರಿಂದ ಈ ನಾಲ್ಕೂ ಶಬ್ದಗಳು ಒಂದೇ ಆಗಿ ಕೇಳಿಸುತ್ತಿದ್ದವು. 'ಆಲು' ಎಂದವನನ್ನು ಕುರಿತ ನಗು ಎಷ್ಟು ಹಳೆಯದೆಂಬುದನ್ನು ಇದರಿಂದ ತಿಳಿಯಬಹುದು.

ನಜರೇತಿನಲ್ಲಿ ಬೆಳೆದ ನಮ್ಮ ಕರ್ತನು ಮಾತು ಕಲಿತದ್ದು ಈ ಸೀಮೆಯಲ್ಲಿಯೇ. ಮಾರ್ಕನ ಸುವಾರ್ತೆ 5:41ರಲ್ಲಿ ಯಾಯೀರನ ಮಗಳನ್ನು ಎಬ್ಬಿಸಿದ ಮಾತು ಅರಮಾಯ ಭಾಷೆಯಲ್ಲಿಯೇ ಉಳಿದಿದೆ. ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಂಥ ಪ್ರಾಚೀನ ಪ್ರತಿಗಳಲ್ಲಿ ಅದರ ಕೊನೆಯ ಶಬ್ದ 'ಕೂಮ್' ಎಂದಿದೆ. ಅಲೆಕ್ಸಾಂಡ್ರಿಯದ ಹಸ್ತಪ್ರತಿಯೂ ಇತರ ಅನೇಕ ಪ್ರತಿಗಳೂ 'ಕೂಮಿ' ಎಂದು ಓದುತ್ತವೆ. ವ್ಯಾಕರಣದ ಪ್ರಕಾರ ಹುಡುಗಿಯನ್ನು ಕುರಿತು ಹೇಳುವಾಗ 'ಕೂಮಿ' ಎಂಬುದೇ ಸರಿಯಾದ ರೂಪ. ಆಡುಮಾತಿನಲ್ಲಿ ಕೊನೆಯ ಇಕಾರ ಉದುರಿ 'ಕೂಮ್' ಆಗುತ್ತಿತ್ತೆಂದೂ, ವ್ಯಾಕರಣ ಬಲ್ಲ ಲಿಪಿಕಾರರು ಅದನ್ನು ತಿದ್ದಿದರೆಂದೂ ಪಾಠವಿಮರ್ಶಕರು ವಿವರಿಸುತ್ತಾರೆ. ಸತ್ತ ಹುಡುಗಿಯನ್ನು ಎಬ್ಬಿಸಿದ ಮಾತಿಗೂ ವ್ಯಾಕರಣದ ತಿದ್ದುಪಡಿ ತಪ್ಪಲಿಲ್ಲ.

ವಾಕ್ಯವು ಮಾಂಸಧಾರಿಯಾದನೆಂದು ನಾವು ಅರಿಕೆಮಾಡುತ್ತೇವೆ. ಮಾಂಸ ಎಂದರೆ ಒಂದು ಊರು, ಒಂದು ಕಸುಬು, ಊರಿಗೆ ತಕ್ಕ ಒಂದು ಉಚ್ಚಾರಣೆ. ಯಾವ ಸೀಮೆಗೂ ಸೇರದ ನುಡಿಯನ್ನಾಡುವ ಮನುಷ್ಯನಿಲ್ಲ. ಅಂಥ ನುಡಿಯನ್ನು ಯೇಸುವಿನ ಬಾಯಲ್ಲಿ ಇಡುವುದು ನರಾವತಾರವನ್ನು ಅಷ್ಟರಮಟ್ಟಿಗೆ ನಿರಾಕರಿಸಿದಂತೆ. ಪಂಚಾಶತ್ತಮ ದಿನದ ವೃತ್ತಾಂತದಲ್ಲಿ ಲೂಕನು ಬಳಸಿದ ಶಬ್ದವೂ ಗಮನಾರ್ಹ. ಅಪೊಸ್ತಲರ ಕೃತ್ಯಗಳು 2:6 ಮತ್ತು 8ರಲ್ಲಿ ಜನರು ಕೇಳಿಸಿಕೊಂಡದ್ದನ್ನು ಅವನು 'ದಿಯಾಲೆಕ್ತೊಸ್' ಎನ್ನುತ್ತಾನೆ. ಒಂದು ನಾಡಿನ ಜನರು ಆಡುವ ನುಡಿ ಎಂಬುದು ಅಲ್ಲಿ ಅದರ ಅರ್ಥ. ಯುರೋಪಿನ ಭಾಷೆಗಳಲ್ಲಿ ಉಪಭಾಷೆಗಿರುವ ಹೆಸರು ಹುಟ್ಟಿದ್ದು ಈ ಶಬ್ದದಿಂದಲೇ. ಆ ದಿನ ಮಾತಾಡಿದವರು ಗಲಿಲಾಯದವರೆಂದು ಜನ ಗುರುತಿಸಿದರು. ಪವಿತ್ರಾತ್ಮನು ಅವರನ್ನು ಮೊದಲು ಯೆರೂಸಲೇಮಿನ ಶಿಷ್ಟರನ್ನಾಗಿ ಮಾಡಿ ಅನಂತರ ಕಳುಹಿಸಲಿಲ್ಲ. ಕೇಳುವವರೂ ಯಾವುದೋ ಒಂದು ಶ್ರೇಷ್ಠ ಭಾಷೆಯನ್ನು ಕಲಿತುಬರಬೇಕಾಗಲಿಲ್ಲ.

ಸಭೆಯ ಚರಿತ್ರೆಯ ಎರಡು ಮುಖಗಳು

ಸಭೆಯು ಈ ಪಾಠವನ್ನು ಕೆಲವೊಮ್ಮೆ ಕಲಿತಿದೆ, ಕೆಲವೊಮ್ಮೆ ಮರೆತಿದೆ. ಆಫ್ರಿಕದಿಂದ ಬಂದು ಮಿಲಾನಿನಲ್ಲಿ ವಾಕ್ಚಾತುರ್ಯದ ಪ್ರಾಧ್ಯಾಪಕನಾಗಿದ್ದ ಅಗಸ್ಟೀನನು, ತನ್ನ ಉಚ್ಚಾರಣೆಯಲ್ಲಿ ಇಟಲಿಯವರು ಇನ್ನೂ ತಪ್ಪು ಹುಡುಕುತ್ತಾರೆಂದು ತಾನೇ ಬರೆದಿದ್ದಾನೆ. ಮುಂದೆ ಬಿಷಪನಾದ ಮೇಲೆ ಬೋಧಕರಿಗೆ ಅವನು ಕೊಟ್ಟ ಸಲಹೆಯೊಂದು ಪ್ರಸಿದ್ಧವಾಗಿದೆ. ಲ್ಯಾಟಿನಿನಲ್ಲಿ 'ಒಸ್' ಎಂದರೆ ಎಲುಬು, ದೀರ್ಘವಾಗಿ 'ಓಸ್' ಎಂದರೆ ಬಾಯಿ. ಹ್ರಸ್ವದೀರ್ಘಗಳ ಭೇದ ಆಫ್ರಿಕದ ಜನರ ಕಿವಿಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಎಲುಬಿಗೆ ಜನರು ಬಳಸುವ 'ಒಸ್ಸುಮ್' ಎಂಬ ಅಶುದ್ಧ ರೂಪವನ್ನೇ ಬೋಧಕನು ಬಳಸಲಿ ಎಂದನು ಅವನು. ಪಂಡಿತರು ಆಕ್ಷೇಪಿಸಿದರೂ ಚಿಂತೆಯಿಲ್ಲ, ಜನರಿಗೆ ಅರ್ಥವಾಗದೆ ಹೋಗಬಾರದು ಎಂಬುದು ಅವನ ನಿಲುವಾಗಿತ್ತು. 813ರಲ್ಲಿ ಫ್ರಾನ್ಸಿನ ತೂರ್ ನಗರದಲ್ಲಿ ನಡೆದ ಸಭಾಸಮ್ಮೇಳನವು ಇದನ್ನೇ ನಿಯಮವಾಗಿಸಿ, ಬಿಷಪರು ತಮ್ಮ ಪ್ರಸಂಗಗಳನ್ನು ಹಳ್ಳಿಗರ ರೋಮನ್ ನುಡಿಗೆ ಅಥವಾ ಜರ್ಮನ್ ಜನರ ನುಡಿಗೆ ಮಾರ್ಪಡಿಸಿ ಹೇಳಬೇಕೆಂದು ವಿಧಿಸಿತು.

ಇನ್ನೊಂದು ಮುಖ ಮಾರ್ಟಿನ್ ಲೂಥರನ ಸತ್ಯವೇದದ ನಂತರದ್ದು. ಮನೆಯ ತಾಯಿ, ಬೀದಿಯ ಮಕ್ಕಳು, ಸಂತೆಯ ಸಾಮಾನ್ಯರು ಹೇಗೆ ಮಾತಾಡುತ್ತಾರೆಂದು ಕೇಳಿ ಭಾಷಾಂತರಿಸಬೇಕೆಂದು ಲೂಥರನು 1530ರಲ್ಲಿ ಬರೆದನು. ಅವನ ಸಂಪೂರ್ಣ ಸತ್ಯವೇದ 1534ರಲ್ಲಿ ಹೊರಬಂತು. ಅದೇ ವರ್ಷ ಅವನ ಸಂಗಡಿಗ ಬೂಗನ್‌ಹಾಗನ್‌ನ ಮೇಲ್ವಿಚಾರಣೆಯಲ್ಲಿ ಉತ್ತರ ಜರ್ಮನಿಯ ಕೆಳಜರ್ಮನ್ ನುಡಿಯ ಸತ್ಯವೇದವೂ ಲ್ಯೂಬೆಕ್‌ನಲ್ಲಿ ಮುದ್ರಣವಾಯಿತು. ಆದರೆ ಲೂಥರನ ಭಾಷೆ ಕ್ರಮೇಣ ಎಲ್ಲ ಜರ್ಮನರಿಗೂ ಶಿಷ್ಟಭಾಷೆಯಾಯಿತು. ಉತ್ತರದ ಪ್ರಸಂಗಪೀಠಗಳು ಒಂದೊಂದಾಗಿ ಅದಕ್ಕೆ ತಿರುಗಿದವು. 1621ರಲ್ಲಿ ಗೊಸ್ಲಾರ್‌ನಲ್ಲಿ ಅಚ್ಚಾದದ್ದೇ ಆ ಪರಂಪರೆಯ ಕೊನೆಯ ಕೆಳಜರ್ಮನ್ ಸತ್ಯವೇದ. ಸಂತೆಯ ಸಾಮಾನ್ಯನಿಗಾಗಿ ಸಿದ್ಧವಾದ ಭಾಷಾಂತರವು ಉತ್ತರದ ಸಾಮಾನ್ಯನ ನುಡಿಯನ್ನು ದೇವಾಲಯದಿಂದ ಹೊರಗೆ ಕಳುಹಿಸಿತು. ಒಮ್ಮೆ ಜನರ ನುಡಿಯಾಗಿದ್ದದ್ದು ಪೀಠದ ನುಡಿಯಾದಾಗ ಹೊಸದೊಂದು ಅಂತರ ಹುಟ್ಟುತ್ತದೆ.

ಕನ್ನಡಕ್ಕೂ ಈ ಚರಿತ್ರೆಗೂ ನಿಜವಾದ ಸಂಬಂಧವಿದೆ. 1832ರಲ್ಲಿ ಫರ್ಡಿನಂಡ್ ಕಿಟ್ಟೆಲ್ ಹುಟ್ಟಿದ ಪೂರ್ವ ಫ್ರೀಸ್‌ಲ್ಯಾಂಡ್ ಇಂಥದೇ ನಾಡು: ಜನರ ಮನೆಮಾತು ಕೆಳಜರ್ಮನ್, ದೇವಾಲಯದ್ದು ಮೇಲ್ಜರ್ಮನ್. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಇಲ್ಲಿಗೆ ಬಂದ ಅವರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ದ ಹಳಗನ್ನಡವೂ ಇದೆ, ಮೈಸೂರು ಸೀಮೆಯದೆಂದೂ ದಕ್ಷಿಣ ಮರಾಠಾ ಸೀಮೆಯದೆಂದೂ, ಅಂದರೆ ಧಾರವಾಡದ ಸುತ್ತಿನದೆಂದೂ, ಗುರುತು ಹಾಕಿದ ಆಡುಮಾತೂ ಇದೆ. ಎರಡನ್ನೂ ಒಂದೇ ಪುಟದಲ್ಲಿ ಕೂರಿಸಿದ ಆ ಗ್ರಂಥ ನಮ್ಮ ವಿದ್ಯಾಲಯಗಳ ಕಪಾಟುಗಳಲ್ಲಿಯೇ ಇದೆ. ಆದರೆ 1831ರಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರಿಂದ ಪೂರ್ಣಗೊಂಡು, ಮುಂದೆ ಹಲವು ಬಾರಿ ಪರಿಷ್ಕಾರಗೊಂಡ ಸತ್ಯವೇದದ ಭಾಷೆಯು ಲೂಥರನ ಭಾಷೆಯಂತೆಯೇ ಪೀಠದ ಭಾಷೆಯಾಗಿ ನೆಲೆಗೊಂಡಿತು.

ಕನ್ನಡ ಸಾಹಿತ್ಯವಾದರೋ ಈ ಅಂತರವನ್ನು ದಾಟಿದೆ. ಧಾರವಾಡದ ಮಾತಿನಲ್ಲಿ ಹಾಡಿದ ಬೇಂದ್ರೆಯವರು ಜ್ಞಾನಪೀಠ ಪ್ರಶಸ್ತಿ ಪಡೆದರು. ನಂಜನಗೂಡು ಸೀಮೆಯ ನುಡಿಯಲ್ಲಿ ಬರೆದ ದೇವನೂರ ಮಹಾದೇವರ 'ಕುಸುಮಬಾಲೆ' 1990ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಪಾತ್ರವಾಯಿತು. ವೈದೇಹಿಯವರು ಕುಂದಾಪುರದ ಹೆಂಗಸರ ಮಾತನ್ನು ಕಥೆಯೊಳಗೆ ತಂದರು. ವಿದ್ವಾಂಸರ ಸಭೆಗೆ ಯೋಗ್ಯವೆನಿಸಿದ ನುಡಿ ವಿಶ್ವಾಸಿಗಳ ಸಭೆಗೆ ಅಯೋಗ್ಯವೆನಿಸುವುದು ವಿಚಿತ್ರವಲ್ಲವೇ?

ಶಿಷ್ಟಭಾಷೆಯ ನ್ಯಾಯವಾದ ಸ್ಥಾನ

ಶಿಷ್ಟಭಾಷೆಯನ್ನು ತ್ಯಜಿಸಬೇಕೆಂದು ನಾವು ಹೇಳುತ್ತಿಲ್ಲ. ಬೀದರಿನವರೂ ಕುಂದಾಪುರದವರೂ ಕೊಳ್ಳೇಗಾಲದವರೂ ಒಂದೇ ಸತ್ಯವೇದವನ್ನು ಓದುವುದು, ಒಂದೇ ಕೀರ್ತನೆಯನ್ನು ಹಾಡುವುದು ಅದರಿಂದ ಸಾಧ್ಯವಾಗಿದೆ. ಬೇರೆ ಬೇರೆ ಮಿಶನ್ನುಗಳಿಂದ ಹುಟ್ಟಿದ ಸಭೆಗಳನ್ನು ಹೆಣೆದ ನೂಲುಗಳಲ್ಲಿ ಅದೂ ಒಂದು. ಬಡವರ ಮಗುವಿಗೆ ಶಾಲೆಯ, ಕಛೇರಿಯ ಬಾಗಿಲು ತೆರೆಯುವುದು ಅದೇ. ಅದನ್ನು ಕಲಿಸದೆ ಬಿಡುವುದು ಅನ್ಯಾಯ. ಗಂಭೀರವಾದ ಭಾಷೆಯಲ್ಲಿ ದೇವರನ್ನು ಸ್ತುತಿಸಬೇಕೆಂಬ ಹಿರಿಯರ ಆಸೆಯೂ ಗೌರವಾರ್ಹವಾದದ್ದು. ಅನೇಕ ವಿಶ್ವಾಸಿಗಳಿಗೆ ಸತ್ಯವೇದದ ಕನ್ನಡವೇ ಮೊದಲು ದೊರೆತ ವಿದ್ಯೆ, ಊರಿನ ಮೇಲ್ಜಾತಿಯವರ ಮುಂದೆ ತಲೆಯೆತ್ತಿಸಿದ ಆಸ್ತಿ. ಅದನ್ನು ಅವರಿಂದ ಕಸಿದುಕೊಳ್ಳುವ ಹಕ್ಕು ನಮಗಿಲ್ಲ.

ತಪ್ಪು ಆಗುವುದು ಈ ಸಾಧನವನ್ನು ಅಳತೆಗೋಲಾಗಿ ಬಳಸಿದಾಗ. ನುಡಿಯನ್ನು ಕುರಿತ ನಗೆ ನುಡಿಯಲ್ಲಿಯೇ ನಿಲ್ಲುವುದಿಲ್ಲ. ಕನ್ನಡದ ಉಪಭಾಷೆಗಳಲ್ಲಿ ಪ್ರದೇಶದ ಗುರುತಿನಂತೆ ಜಾತಿಯ ಗುರುತೂ ಇದೆ. ನಮ್ಮ ಅನೇಕ ಸಭೆಗಳು ತಲೆತಲಾಂತರದಿಂದ ಶಾಲೆಯ ಹೊರಗೆ ಇಡಲ್ಪಟ್ಟ ಸಮುದಾಯಗಳಿಂದ ಬಂದವು. ಅವರ ಮಾತನ್ನು ಹೊಲಸೆಂದರೆ ಅವರನ್ನೇ ಹೊಲಸೆಂದಂತೆ. ದೀಕ್ಷಾಸ್ನಾನದಲ್ಲಿ ಅಳಿದುಹೋಯಿತೆಂದು ನಾವು ಸಾರುವ ಭೇದವು ಹಿಂಬಾಗಿಲಿನಿಂದ ಒಳಗೆ ಬಂದಂತೆ. ಮಾತಿನ ಅರ್ಥ ತಿಳಿಯದಿದ್ದರೆ ಆಡುವವನೂ ಕೇಳುವವನೂ ಒಬ್ಬರಿಗೊಬ್ಬರು ಪರದೇಶಿಗಳಾಗುತ್ತಾರೆಂದು ಪೌಲನು 1 ಕೊರಿಂಥ 14:11ರಲ್ಲಿ ಎಚ್ಚರಿಸುತ್ತಾನೆ. ಒಂದೇ ತಾಲ್ಲೂಕಿನವರು ದೇವಾಲಯದೊಳಗೆ ಪರದೇಶಿಗಳಾಗುವುದು ಇನ್ನೂ ದುಃಖಕರ.

ಸೇವೆಯಲ್ಲಿ ಪಾಲಿಸಬೇಕಾದದ್ದು

ಇದರಿಂದ ಸಭಾಪಾಲಕರಿಗೂ ವಿದ್ಯಾರ್ಥಿಗಳಿಗೂ ಕೆಲವು ಕರ್ತವ್ಯಗಳು ಒದಗುತ್ತವೆ. ಮೊದಲನೆಯದಾಗಿ, ವಾಚನ ಮತ್ತು ಆರಾಧನಾಕ್ರಮಗಳು ಶಿಷ್ಟಭಾಷೆಯಲ್ಲಿರಲಿ. ವಿವರಣೆಯು ಸಭೆಯವರ ನುಡಿಯ ಕಡೆಗೆ ಬಾಗಲಿ. 'ವಿಮೋಚನೆ' ಎಂಬ ಶಬ್ದ ಕೇಳಿ ಸುಮ್ಮನೆ ಕುಳಿತಿರುವ ರೈತನಿಗೆ ಅಡವು ಇಟ್ಟ ಹೊಲವನ್ನು ಬಿಡಿಸಿಕೊಳ್ಳುವುದು ಎಂದರೇನೆಂದು ಚೆನ್ನಾಗಿ ಗೊತ್ತು. ಯಾಜಕಕಾಂಡ 25ನೆಯ ಅಧ್ಯಾಯವು ಮಾತಾಡುವುದು ಅದನ್ನೇ: ಬಡವನಾಗಿ ಹೊಲ ಮಾರಿಕೊಂಡವನಿಗಾಗಿ ಹತ್ತಿರದ ಬಂಧು ಬಂದು ಅದನ್ನು ಬಿಡಿಸಬೇಕು. ಇಲ್ಲಿ ಆಡುಮಾತು ಮೂಲದ ಅರ್ಥಕ್ಕೆ ನೇರವಾಗಿ ಕರೆದೊಯ್ಯುತ್ತದೆ. ಸಂಸ್ಕೃತದ ಶಬ್ದಕ್ಕೆ ಮತ್ತೊಂದು ವಿವರಣೆ ಬೇಕಾಗುತ್ತದೆ.

ಎರಡನೆಯದಾಗಿ, ವರ್ಗವಾಗಿ ಬೇರೆ ಸೀಮೆಗೆ ಹೋದ ಸಭಾಪಾಲಕರು ಅಲ್ಲಿನ ಮಾತನ್ನು ಅನುಕರಿಸಲು ಹೋಗಬಾರದು. ಅರೆಬರೆ ಅನುಕರಣೆ ಅಣಕದಂತೆ ಕೇಳಿಸುತ್ತದೆ. ಬದಲಾಗಿ ಕೇಳಿ ಕಲಿಯಬೇಕು: ಬಿತ್ತನೆ, ಬಾಣಂತನ, ಸಾವು, ಸಾಲಗಳ ಬಗ್ಗೆ ಅಲ್ಲಿಯವರು ಬಳಸುವ ಶಬ್ದಗಳನ್ನು ಕಿಟ್ಟೆಲರಂತೆ ಬರೆದಿಟ್ಟುಕೊಳ್ಳಬೇಕು. ನಾಲ್ಕೂ ಕಡೆಯವರು ಸೇರಿರುವ ಬೆಂಗಳೂರಿನಂಥ ಸಭೆಗಳಲ್ಲಿ ಸರಳವಾದ ಸಾಮಾನ್ಯ ಕನ್ನಡವೇ ಯೋಗ್ಯ. ಅಲ್ಲಿಯೂ ಸಾಕ್ಷಿ ಹೇಳುವವರು, ಪ್ರಾರ್ಥಿಸುವವರು ತಮ್ಮ ತಮ್ಮ ನುಡಿಯಲ್ಲಿಯೇ ಮಾತಾಡಲಿ.

ಮೂರನೆಯದಾಗಿ, ನಮ್ಮ ವಿದ್ಯಾಲಯಗಳ ಪ್ರಸಂಗಶಾಸ್ತ್ರದ ತರಗತಿಗಳಲ್ಲಿ ಸ್ಪಷ್ಟತೆಯನ್ನೂ ಉಚ್ಚಾರಣೆಯ ಸೀಮೆಯನ್ನೂ ಬೇರೆ ಬೇರೆಯಾಗಿ ಕಾಣಬೇಕು. ಮಾತು ನುಂಗಿದವನನ್ನು ತಿದ್ದೋಣ. ಕಲಬುರಗಿಯ ಧಾಟಿಯಲ್ಲಿ ಸ್ಪಷ್ಟವಾಗಿ ಹೇಳಿದವನ ಅಂಕ ಕಡಿಮೆ ಮಾಡದಿರೋಣ. ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೊಮ್ಮೆಯಾದರೂ ತನ್ನ ಮನೆಮಾತಿನಲ್ಲಿ ಪ್ರಸಂಗ ಮಾಡಲಿ. ಕಲಿತ ಪಾಠ ತನಗೆ ನಿಜವಾಗಿ ಅರ್ಥವಾಗಿದೆಯೋ ಇಲ್ಲವೋ ಎಂಬುದು ಆಗ ಅವನಿಗೇ ಗೊತ್ತಾಗುತ್ತದೆ. ಏಕೆಂದರೆ ಮನೆಮಾತಿನಲ್ಲಿ ದೊಡ್ಡ ಶಬ್ದಗಳ ಮರೆಯಲ್ಲಿ ನಿಲ್ಲಲು ಜಾಗವಿಲ್ಲ.

ಕೊನೆಯದಾಗಿ, ಪ್ರಾರ್ಥಿಸುತ್ತಿರುವವರ ಮಾತನ್ನು ಯಾರೂ ತಿದ್ದಬಾರದು. ಕೂಟ ಮುಗಿದ ಮೇಲೂ, ಹಾಸ್ಯಕ್ಕಾಗಿಯೂ ತಿದ್ದಬಾರದು. ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದವರು ಪೇತ್ರನ ಉಚ್ಚಾರಣೆಯನ್ನು ಹಿಡಿದು ಮಾತಾಡಿದರು. ಅವನು ಹೆದರಿ ತನ್ನ ಕರ್ತನನ್ನೇ ಅರಿಯೆನೆಂದನು. ಸುಮಾರು ಐವತ್ತು ದಿನಗಳ ನಂತರ ಅದೇ ನಾಲಿಗೆ ಯೆರೂಸಲೇಮಿನಲ್ಲಿ ಎದ್ದುನಿಂತು ಸಾಕ್ಷಿ ಹೇಳಿತು. ಆ ನಡುವೆ ಯಾರೂ ಅವನಿಗೆ ಉಚ್ಚಾರಣೆ ಕಲಿಸಿದಂತೆ ಕಾಣುವುದಿಲ್ಲ.